ಹಸಿರು ಸಾಲಿನಲ್ಲೊಂದು ಕಿತ್ತಳೆ ಕಾರ್ಡು

ಬೆಡ್‌ಶೀಟ್ ಹಿಂಡುವುದು ಇಬ್ಬರ ಕೆಲಸ. ಎದುರುಬದುರು ನಿಂತು ಇಬ್ಬರೂ ಅವರವರ ಬಲಕ್ಕೆ ತಿರುಚಬೇಕು. ಒಬ್ಬರು ಮರೆತು ಎಡಕ್ಕೆ ತಿರುಚಿದರೆ ನೀರು ಇಳಿಯುವುದಿಲ್ಲ, ಬಟ್ಟೆ ಸುಮ್ಮನೆ ಹಗ್ಗದ ಹಾಗೆ ಸುತ್ತುತ್ತದೆ. ನನ್ನ ಏಳು ವರ್ಷದ ಮಗಳಿಗೆ ಇದನ್ನು ಕಲಿಸಲು ಒಂದು ವಾರ ಹಿಡಿದಿತ್ತು. ಆ ದಿನ ಬೆಳಿಗ್ಗೆ ಅವಳು ಸರಿಯಾಗಿಯೇ ತಿರುಚುತ್ತಿದ್ದಳು. ಅರ್ಧ ನೀರು ಇಳಿದಿತ್ತು. ಅಷ್ಟರಲ್ಲಿ ತನ್ನ ತುದಿಯನ್ನು ಬಿಟ್ಟೇಬಿಟ್ಟಳು. ಬೆಡ್‌ಶೀಟ್ ನೆಲ ಒರೆಸಿತು.

"ಅಮ್ಮಾ, ಅಂಗಡಿ ಮುಂದೆ ನೆಲಕ್ಕೆ ಬಣ್ಣ ಹೊಡೀತಿದಾರೆ."

ಬೈಯಲು ಬಾಯಿ ತೆರೆದವಳು ನಾನೂ ಕಿಟಕಿಗೆ ಹೋದೆ. ನಮ್ಮದು ಮೂರನೆಯ ಮಹಡಿ. ರಸ್ತೆಯ ಆಚೆಗೆ ಸೂಪರ್‌ಮಾರ್ಕೆಟ್ಟು. ಇಬ್ಬರು ಕೆಲಸದವರು ಅದರ ಬಾಗಿಲಿನಿಂದ ಹಿಡಿದು ಬಸ್ ನಿಲ್ದಾಣದವರೆಗೆ ಬಿಳಿ ಬಣ್ಣದಲ್ಲಿ ವೃತ್ತ ಬಿಡಿಸುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಒಂದು ಮಾರು ದೂರ.

"ಕುಂಟೆಬಿಲ್ಲೆ ಆಡೋಕಾ?"

"ದೊಡ್ಡವರು ಆಡೋಕೆ," ಅಂದೆ.

ಶಾಲೆ ಮುಚ್ಚಿ ಎರಡು ತಿಂಗಳಾಗಿತ್ತು. ಸೋಂಕು ಊರಿಗೆ ಬಂದ ದಿನದಿಂದ ಅವಳು ಮನೆಯ ಹೊಸ್ತಿಲು ದಾಟಿರಲಿಲ್ಲ. ಅವಳ ಅಪ್ಪ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಾರೆ. ಹತ್ತು ಜನರ ಜೊತೆ ಓಡಾಡಿ ಮನೆಗೆ ಬರುವುದು ಬೇಡವೆಂದು ಅವರು ಅಲ್ಲೇ ಉಳಿದುಬಿಟ್ಟಿದ್ದರು, ಸಂಜೆ ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು. ದೂರದಿಂದ ಟ್ಯಾಂಕಿನ ಮಟ್ಟ ನೋಡಲು ಅವರಿಗೆ ಹಿಂದೆಂದೋ ಕೊಟ್ಟಿದ್ದ ಹಳೆಯ ದುರ್ಬೀನು ಮನೆಯಲ್ಲಿತ್ತು. ಅದೀಗ ಅವಳ ಆಸ್ತಿ. ದಿನವಿಡೀ ಅದನ್ನು ಕಣ್ಣಿಗಿಟ್ಟುಕೊಂಡು ಕಿಟಕಿಯಲ್ಲೇ ಠಿಕಾಣಿ. ಮೊದಲು ಒಂದೆಡೆ ನಿಲ್ಲದೆ ನೆಗೆಯುತ್ತಿದ್ದಳೆಂದು ನಾವು ಅವಳನ್ನು ಮಿಡತೆ ಎಂದು ಕರೆಯುತ್ತೇವೆ. ನೆಗೆಯಲು ಜಾಗವಿಲ್ಲದ ಮೇಲೆ ಮಿಡತೆ ನೋಡುವುದನ್ನು ಕಲಿತಿತ್ತು.

ಅದೇ ಮಧ್ಯಾಹ್ನ ಸೂಪರ್‌ಮಾರ್ಕೆಟ್ಟಿನ ಮೇಲ್ವಿಚಾರಕಿ ಫೋನ್ ಮಾಡಿದಳು. "ಮೇಡಂ, ಆಸ್ಪತ್ರೆಯವರು ಕಳಿಸಿರೋ ಪಟ್ಟೀಲಿ ನಿಮ್ಮ ಮನೆ ಇದೆ. ನಾಳೆಯಿಂದ ಬೆಳಿಗ್ಗೆ ಏಳರಿಂದ ಎಂಟು ವಯಸ್ಸಾದೋರಿಗೆ, ಕಾಯಿಲೆಯೋರಿರೋ ಮನೆಗೆ. ಎಂಟರಿಂದ ಒಂಬತ್ತು ನರ್ಸುಗಳು, ಪೊಲೀಸು, ಬಸ್ಸಿನೋರು. ಮಿಕ್ಕೋರು ಆಮೇಲೆ. ನೀವು ಮೊದಲನೇ ಗಂಟೆಗೇ ಬನ್ನಿ."

ನಾನು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು "ಆಗಲಿ" ಎಂದೆ. ಮಿಡತೆಯ ಕಿವಿಗೆ ಗೋಡೆ ಯಾವ ಲೆಕ್ಕ.

ಆ ಪಟ್ಟಿಯಲ್ಲಿದ್ದದ್ದು ಅವಳ ಹೆಸರು. ಎರಡು ವರ್ಷದವಳಿದ್ದಾಗ ಮೆಟ್ಟಿಲಿನಿಂದ ಬಿದ್ದಳು. ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದೆವು. ನನ್ನ ಒಂದು ಕೈಯಲ್ಲಿ ಬಟ್ಟೆಯ ಬುಟ್ಟಿ, ಇನ್ನೊಂದರಲ್ಲಿ ಅವಳ ಕೈ. ಬುಟ್ಟಿ ಜಾರಿತು. ಹಿಡಿಯಲು ಹೋದೆ. ಬುಟ್ಟಿ ಉಳಿಯಿತು. ಪಕ್ಕೆಯ ಕೆಳಗೆ ಎಡಗಡೆ ಮುಷ್ಟಿಯಷ್ಟು ದೊಡ್ಡ ಒಂದು ಅಂಗವಿದೆ, ಗುಲ್ಮ ಎನ್ನುತ್ತಾರೆ. ಸೋಂಕು ಬಂದರೆ ಮೊದಲು ಎದುರು ನಿಲ್ಲುವುದು ಅದಂತೆ. ಅವಳದು ಒಡೆದುಹೋಗಿತ್ತು, ಆ ರಾತ್ರಿಯೇ ತೆಗೆದುಹಾಕಿದರು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಚಮಚ ಔಷಧಿ. ಜ್ವರ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು.

ಅವಳಿಗೆ ಇದೊಂದೂ ತಿಳಿಯದು. ಹೊಟ್ಟೆಯ ಮೇಲಿನ ಗೆರೆಯ ಬಗ್ಗೆ ಕೇಳಿದಾಗ, "ನಿನ್ನನ್ನ ಮಾಡಿ ಮುಗಿಸಿದ ಮೇಲೆ ಹೊಲಿಗೆ ಹಾಕಿದ ಜಾಗ" ಎಂದು ನಗಿಸಿದ್ದೆ. ಚಮಚದ ಬಗ್ಗೆ ಕೇಳಿದಾಗ, "ಮಕ್ಕಳೆಲ್ಲ ಹಲ್ಲುಜ್ಜಿದ ಮೇಲೆ ಕುಡೀತಾರೆ" ಎಂದಿದ್ದೆ. ಹೆದರದೆ ಬೆಳೆಯಲಿ ಎಂಬುದು ನಿಜ. ಆದರೆ ಹೇಳಹೊರಟರೆ ಮೆಟ್ಟಿಲಿನಿಂದಲೇ ಶುರುಮಾಡಬೇಕಿತ್ತು, ಅದೂ ಅಷ್ಟೇ ನಿಜ. ಇನ್ನಷ್ಟು ದೊಡ್ಡವಳಾಗಲಿ, ನಾನೇ ಕೂರಿಸಿಕೊಂಡು ಹೇಳುತ್ತೇನೆ, ಬೇರೆ ಯಾರ ಬಾಯಿಂದಲೂ ಅವಳು ಕೇಳಬಾರದು ಅಂದುಕೊಳ್ಳುತ್ತಲೇ ಐದು ವರ್ಷ ತಳ್ಳಿದ್ದೆ.

ಮರುದಿನ ಏಳಕ್ಕೆ ಹತ್ತು ನಿಮಿಷವಿರುವಾಗ ಚೀಲ ಹಿಡಿದು ಹೊರಟೆ. ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು: ನಾನು ಬರುವವರೆಗೂ ಬಾಗಿಲು ತೆಗೆಯುವ ಹಾಗಿಲ್ಲ, ಕಿಟಕಿಯ ಸರಳಿಗೆ ಹಳದಿ ಟವೆಲ್ ಕಟ್ಟಿರಬೇಕು. ಟವೆಲ್ ಕಂಡರೆ ಮನೆಯಲ್ಲಿ ಎಲ್ಲ ಸರಿಯಿದೆ ಎಂದರ್ಥ.

ಸಾಲಿನಲ್ಲಿ ನಾನೊಬ್ಬಳೇ ಕಪ್ಪು ಕೂದಲಿನವಳು. ನನ್ನ ಮುಂದಿನ ವೃತ್ತದಲ್ಲಿ ನೆಟ್ಟಗೆ ನಿಂತಿದ್ದವರು ತಿರುಗಿ ನೋಡಿದರು. ಊರಿನ ಅರ್ಧ ಜನಕ್ಕೆ ಡ್ರಿಲ್ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು.

"ಏನಮ್ಮಾ, ಕನ್ನಡಿ ನೋಡ್ಕೊಂಡು ಬರ್ಲಿಲ್ವಾ? ಇದು ಹಲ್ಲು ಬಿದ್ದೋರ ಸಾಲು."

ಹಿಂದಿನಿಂದ ಊರುಗೋಲಿನ ಅಜ್ಜಿಯೊಬ್ಬರು, "ಸುಮ್ನಿರಿ ಮೇಷ್ಟ್ರೇ, ಪಾಪ, ಬಣ್ಣ ಚೆನ್ನಾಗಿ ಹಚ್ಕೊಂಡಿದಾಳೆ. ಯಾವ ಕಂಪನೀದಮ್ಮಾ? ನಂಗೂ ಹೇಳು," ಅಂದರು.

ಸಾಲಿನ ಉದ್ದಕ್ಕೂ ಮಾಸ್ಕುಗಳು ಅಲುಗಿದವು. ನಾನೂ ನಕ್ಕೆ. ಯಾರಿಗಾಗಿ ಬಂದೆನೆಂದು ಹೇಳಲಿಲ್ಲ, ಅವರೂ ಕೆದಕಲಿಲ್ಲ.

ಒಳಗೆ ಹೋದ ಮೇಲೆ ಚೀಲ ಹಿಡಿದು ಹಾಗೇ ನಿಂತುಬಿಟ್ಟೆ. ಹತ್ತು ವರ್ಷದಿಂದ ನೋಡಿದ ಅಂಗಡಿ ಅದು, ಆದರೂ ಅಂದು ಬೇರೆಯೇ ಯಾವುದೋ ಜಾಗದಂತಿತ್ತು. ಹಾಡು ಹಾಕಿರಲಿಲ್ಲ. ಹಿಂದಿನ ಸಂಜೆ ಬರಿದಾಗಿದ್ದ ಕಪಾಟುಗಳು ಅಂಚಿನವರೆಗೆ ತುಂಬಿದ್ದವು. ಹಾಲು, ಮೊಟ್ಟೆ, ಹಿಟ್ಟು, ಸೋಪು. ನಾಲ್ಕು ಗಂಟೆಗೇ ಬಂದು ಜೋಡಿಸಿದವರು ಗೋಡೆಗೆ ಒರಗಿ ನಿಂತಿದ್ದರು, ಒಂದೊಂದು ಗಾಡಿ ವಾಪಸು ಬಂದ ಹಾಗೆಲ್ಲ ಅದರ ಹಿಡಿಯನ್ನು ಒರೆಸುತ್ತಿದ್ದರು. ಒಬ್ಬ ತಾತ ಭೂತಗನ್ನಡಿ ಹಿಡಿದು ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣಕ್ಷರ ಓದುತ್ತಿದ್ದರು. ಅವರ ಹಿಂದೆ ಮೂವರು ಕಾಯುತ್ತಿದ್ದರು. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ತಾತ ಓದಿ ಮುಗಿಸಿ, ಪೊಟ್ಟಣವನ್ನು ಅಲ್ಲೇ ಇಟ್ಟು, ಇನ್ನೊಂದನ್ನು ಎತ್ತಿಕೊಂಡು ಮೊದಲಿನಿಂದ ಓದಲು ಶುರುಮಾಡಿದರು. ಆಗಲೂ ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಅವಸರವಿಲ್ಲದ ಒಂದು ಗಂಟೆಯನ್ನು ಈ ಊರು ಎಲ್ಲಿ ಬಚ್ಚಿಟ್ಟಿತ್ತು ಎಂದು ಬೆರಗಾಯಿತು.

ಎರಡನೆಯ ವಾರ ಕೆಲವು ಗಟ್ಟಿಮುಟ್ಟಾದ ಜನ ಕುಂಟುವ ನಾಟಕ ಮಾಡಿ ಸಾಲಿಗೆ ನುಸುಳಿದರು. ಅದಕ್ಕೆ ಕೊರಳಿಗೆ ಹಾಕಿಕೊಳ್ಳುವ ಕಾರ್ಡುಗಳು ಬಂದವು. ವಯಸ್ಸಾದವರಿಗೆ ಹಸಿರು, ಆಸ್ಪತ್ರೆ ಮತ್ತಿತರ ಕೆಲಸದವರಿಗೆ ನೀಲಿ. ನನಗೆ ಕಿತ್ತಳೆ. ಬಾಗಿಲ ಪಕ್ಕದಲ್ಲಿ ಯಾವ ಬಣ್ಣ ಯಾರಿಗೆ ಎಂದು ಬರೆದ ಮೂರು ಸಾಲಿನ ದೊಡ್ಡ ಫಲಕವನ್ನೂ ನಿಲ್ಲಿಸಿದರು. ಕಿತ್ತಳೆಯ ಅರ್ಥವಿದ್ದ ಕೆಳಗಿನ ಸಾಲನ್ನು ಹಾಲಿನ ಕ್ರೇಟುಗಳು ಮುಚ್ಚಿದ್ದವು. ದುರ್ಬೀನಿಗೂ ಅದು ಕಾಣದೆಂದು ನನಗೆ ಒಳಗೊಳಗೇ ಸಮಾಧಾನ.

"ಎಲ್ಲಾರ್ದೂ ಹಸಿರು, ನಿಂದು ಮಾತ್ರ ಯಾಕೆ ಕಿತ್ತಳೆ?" ಮನೆಗೆ ಬಂದ ಕೂಡಲೇ ಪ್ರಶ್ನೆ.

"ಹಸಿರು ಖಾಲಿಯಾಗಿತ್ತು."

"ನಾಳೆ ಬರತ್ತಾ?"

"ನೋಡೋಣ. ಮೊದಲು ಕೈ ತೊಳೀತೀನಿ ಬಿಡು."

ಅವಳು ದುರ್ಬೀನಿನ ಕಡೆಗೆ ಹೋದಳು. ಮತ್ತೆ ಕೇಳಲಿಲ್ಲ. ನನಗೆ ಹಾಯೆನಿಸಿತು. ಹಾಯೆನಿಸಬಾರದಿತ್ತು.

ಆ ವಾರವೇ ಫೋನಿನ ತರಗತಿಯಲ್ಲಿ ಅವಳ ಟೀಚರ್, ಬೆಳಿಗ್ಗೆ ಎದ್ದು ಏನೇನು ಮಾಡುತ್ತೀರಿ, ಒಂದಾದ ಮೇಲೊಂದು ಹೇಳಿ ಎಂದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಮಿಡತೆ ಗಟ್ಟಿ ದನಿಯಲ್ಲಿ ಹೇಳಿದಳು. "ಹಲ್ಲುಜ್ಜೋದು, ಚಮಚದ ಔಷಧಿ ಕುಡಿಯೋದು, ಮುಖ ತೊಳೆಯೋದು."

"ಯಾವ ಔಷಧಿ? ನಂಗಿಲ್ಲ," ಎಂದಿತು ಒಂದು ಮಗು. "ನಂಗೂ ಇಲ್ಲ," ಇನ್ನೊಂದು. "ನಿಂಗೇನಾಗಿದೆ?" ಮತ್ತೊಂದು.

ನಾನು ಸೋಪಿನ ಕೈಯಲ್ಲೇ ಓಡಿ ಹೊರಗೆ ಬರುವಷ್ಟರಲ್ಲಿ ಅವಳು ಫೋನನ್ನು ಮಗುಚಿ ಮೇಜಿನ ಮೇಲಿಟ್ಟಿದ್ದಳು. "ನೆಟ್‌ವರ್ಕ್ ಹೋಯ್ತು," ಎಂದಳು. ಫೋನಿನೊಳಗೆ ಟೀಚರ್ ಇನ್ನೂ ಮಾತಾಡುತ್ತಲೇ ಇದ್ದರು.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ. ನಾನು ಮಾತ್ರ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಸಂಜೆ ಅವಳ ಅಪ್ಪ ಫೋನಿನಲ್ಲಿ, "ಹೇಳಿಬಿಡೇ. ಎಷ್ಟು ದಿನ ಅಂತ ಹೊಟ್ಟೇಲಿಟ್ಕೋತೀಯ?" ಅಂದರು.

"ನೀವು ಬಂದ ಮೇಲೆ ಇಬ್ರೂ ಕೂತು ಹೇಳೋಣ."

"ನಾನು ಬರೋಷ್ಟರಲ್ಲಿ ಅವಳ ಮದುವೆ ಆಗಿರತ್ತೆ," ಎಂದು ನಕ್ಕರು. ಒತ್ತಾಯ ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಮಗಳು ಬದಲಾದಳು. ನಾನು ಬಕೆಟ್ ಎತ್ತಲು ಬಗ್ಗಿದರೆ, "ಬಿಡು, ನಾನೆತ್ತೀನಿ," ಎಂದು ಅರ್ಧ ನೀರು ಚೆಲ್ಲಿಕೊಂಡು ಎತ್ತುತ್ತಿದ್ದಳು. ನಾನು ಕೆಮ್ಮಿದರೆ ಕೆಲಸ ಬಿಟ್ಟು ಮುಖ ನೋಡುತ್ತಿದ್ದಳು. ಊಟಕ್ಕೆ ಕೂತರೆ ತನ್ನ ಮೊಟ್ಟೆಯಲ್ಲಿ ಅರ್ಧ ಕತ್ತರಿಸಿ ನನ್ನ ತಟ್ಟೆಗೆ. ನನ್ನ ಮಗಳಿಗೆ ಬುದ್ಧಿ ಬಂತು ಎಂದು ಹಿಗ್ಗಿದೆ. ಒಂದು ಬೆಳಿಗ್ಗೆ ತನ್ನ ಚಮಚ ಕುಡಿದು, ಅದನ್ನು ತೊಳೆದು, ಮತ್ತೆ ಔಷಧಿ ತುಂಬಿ, ಒಂದು ಹನಿಯೂ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿಯ ಹತ್ತಿರ ತಂದಳು.

"ನೀನೂ ಒಂದು ಚಮಚ ಕುಡಿ, ಅಮ್ಮ."

"ಇದು ಮಕ್ಕಳದು ಕಣೇ."

"ಆದ್ರೂ ಕುಡಿ. ಒಂದೇ ಒಂದು ಸಲ."

"ನಿಂಗೆ ಕಮ್ಮಿಯಾಗಲ್ವಾ?" ಎಂದು ನಗುತ್ತಾ ಚಮಚವನ್ನು ಅವಳ ಕೈಯಿಂದ ತೆಗೆದು ಬಾಟಲಿಗೇ ಸುರಿದೆ. ಅವಳು ನಗಲಿಲ್ಲ. ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು.

ಇನ್ನೊಂದು ಬೆಳಗಿನದನ್ನು ಹೇಳಿಬಿಡುತ್ತೇನೆ.

ಅಂದು ಏಳೂಕಾಲಿಗೆ ನಾನು ಸಾಲು ಸೇರಿದಾಗ, ನಡುವಿನ ಒಂದು ವೃತ್ತದಲ್ಲಿ ನೀಲಿ ಕಾರ್ಡಿನ ನರ್ಸೊಬ್ಬಳು ನಿಂತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದವಳು, ತನ್ನ ಗಂಟೆ ಎಂಟಕ್ಕೆ ಎಂಬುದನ್ನೂ ಮರೆತಿದ್ದಳೇನೋ. ಪಕ್ಕದ ಕಬ್ಬಿಣದ ಕಟಕಟೆಗೆ ಸೊಂಟ ಆನಿಸಿ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು, ನಿಂತಲ್ಲೇ ನಿದ್ದೆಹೋಗಿದ್ದಳು. ಮಾಸ್ಕು ಒತ್ತಿ ಒತ್ತಿ ಕೆನ್ನೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು.

ಅವಳ ಮುಂದಿನವರು ನಡೆದರು. ಅವಳು ಕದಲಲಿಲ್ಲ. ಅವಳ ಹಿಂದಿದ್ದವರು ಡ್ರಿಲ್ ಮೇಷ್ಟ್ರು. ಈಗ ಕೂಗುತ್ತಾರೆ, ಆಟದ ಮೈದಾನದ ಆಚೆಗೂ ಕೇಳುತ್ತಿದ್ದ ಗಂಟಲು ಅದು, ಎಂದುಕೊಂಡೆ. ಮೇಷ್ಟ್ರು ಕೂಗಲಿಲ್ಲ. ಹಿಂದಕ್ಕೆ ತಿರುಗಿ ಬಲಗೈ ಎತ್ತಿದರು. ಇಡೀ ಸಾಲು ನಿಂತಿತು. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಒಂದು ಬಳಸುದಾರಿ ಬರೆದು, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಂದೆ ಬಿಟ್ಟರು. ತಾವು ಮಾತ್ರ ಅವಳ ಹಿಂದಿನ ವೃತ್ತದಲ್ಲೇ ಕಾವಲು ನಿಂತರು.

ನೀರು ಬಂಡೆಯನ್ನು ಬಳಸಿ ಹೋಗುವ ಹಾಗೆ ಮುದುಕರ ಸಾಲು ಅವಳನ್ನು ಬಳಸಿ ಹೋಯಿತು. ಯಾರೂ ಪಿಟ್ಟೆನ್ನಲಿಲ್ಲ. ಊರುಗೋಲಿನ ಅಜ್ಜಿಯ ಸರದಿ ಬಂತು. ಅವರ ಕೋಲಿನ ತುದಿಗೆ ಕಬ್ಬಿಣದ ಬಳೆಯಿದೆ, ನೆಲಕ್ಕೆ ತಗುಲಿದರೆ ಟಕ್ಕೆನ್ನುತ್ತದೆ. ಅಜ್ಜಿ ಒಂದು ಗಳಿಗೆ ಯೋಚಿಸಿದರು. ಕೋಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಹಿಡಿಯಲು ಯಾರ ಕೈಯೂ ಇಲ್ಲ, ಯಾರೂ ಯಾರ ಹತ್ತಿರವೂ ಹೋಗುವಂತಿಲ್ಲ. ಕಾಲನ್ನು ಪಾದರಕ್ಷೆಯಿಂದ ಬಿಡಿಸಿಕೊಂಡು, ಪಾದರಕ್ಷೆ ಅಲ್ಲೇ ಬಿಟ್ಟು, ಇನ್ನೊಂದು ಕೈ ಅಗಲಿಸಿ, ತಂತಿಯ ಮೇಲೆ ನಡೆಯುವವರ ಹಾಗೆ ಏಳೆಂಟು ಹೆಜ್ಜೆ ಇಟ್ಟರು. ಆಚೆ ತಲುಪಿದ ಮೇಲೇ ಕೋಲು ನೆಲಕ್ಕೆ ಬಂದದ್ದು.

ಎಂಟಕ್ಕೆ ಐದು ನಿಮಿಷವಿರುವಾಗ ನಾನು ಸಾಮಾನು ಕೊಂಡು ಹೊರಬಂದೆ. ಮೇಲ್ವಿಚಾರಕಿ ಮೊದಲನೇ ಗಂಟೆ ಮುಗಿಯಿತೆಂದು ಸಾರಲು ಧ್ವನಿವರ್ಧಕ ಎತ್ತಿದ್ದಳು. ಮೇಷ್ಟ್ರು ತಮ್ಮ ಮಾಸ್ಕಿನ ಮೇಲೆ ಬೆರಳಿಟ್ಟು ತೋರಿಸಿದರು. ಅವಳು ಧ್ವನಿವರ್ಧಕವನ್ನು ಇಳಿಸಿ, ಅಂಗೈಯಿಂದ ಅದರ ಬಾಯಿ ಮುಚ್ಚಿದಳು. ಎಂಟು ಹೊಡೆದ ಮೇಲೆ ಮೇಷ್ಟ್ರು ಬಾಗಿ, ಮಗುವನ್ನು ಎಬ್ಬಿಸುವ ದನಿಯಲ್ಲಿ, "ಸಿಸ್ಟರ್, ನಿಮ್ಮ ಪಾಳಿ ಬಂತು," ಎಂದರು.

ಅವಳು ಕಣ್ಣು ಬಿಟ್ಟು ಗಡಿಯಾರ ನೋಡಿಕೊಂಡಳು. ಆಮೇಲೆ ಮೇಷ್ಟ್ರ ಕೈಯಲ್ಲಿದ್ದ ಖಾಲಿ ಚೀಲ ನೋಡಿದಳು. "ಸಾರ್, ನಿಮ್ಮ ಗಂಟೆ ಹೋಯ್ತಲ್ಲ."

"ಹೋಗ್ಲಿ ಬಿಡಿ. ನಾಳೆ ಬರ್ತೀನಿ. ನಾಳೆನೂ ಮುದುಕನೇ ಆಗಿರ್ತೀನಲ್ಲ," ಎಂದು ಹೆಜ್ಜೆ ಹಾಕುತ್ತಾ ಹೊರಟರು.

ನರ್ಸು ಕಣ್ಣೊರೆಸಿಕೊಳ್ಳುತ್ತಾ ನನ್ನ ಕೊರಳು ನೋಡಿದಳು. "ಕಿತ್ತಳೆ... ಯಾರಿಗೆ?"

ಐದು ವರ್ಷದಿಂದ ಯಾರಿಗೂ ಹೇಳದ ನಾನು, ಒಂದು ಮಾರು ದೂರದಲ್ಲಿ ನಿಂತು ಹೇಳಿಬಿಟ್ಟೆ. "ಮಗಳಿಗೆ. ಗುಲ್ಮ ತೆಗೆದಿದಾರೆ. ಏಳು ವರ್ಷ. ಅವಳಿಗೆ ಗೊತ್ತಿಲ್ಲ."

"ಈ ಕಾರ್ಡ್ ಯಾಕೆ ಅಂತ ಕೇಳ್ಲಿಲ್ವಾ?"

"ಒಂದು ಸಲ ಕೇಳಿದ್ಲು. ಆಮೇಲೆ ಇಲ್ಲ."

"ಆಮೇಲೆ ಕೇಳಿಲ್ಲ ಅಂದ್ರೆ ಗೊತ್ತಾಗಿದೆ ಅಂತ, ಅಕ್ಕ," ಎಂದು ಹೇಳಿ, ಚೀಲ ಹೆಗಲಿಗೆ ಏರಿಸಿ ಒಳಗೆ ಹೋದಳು.

ತಲೆ ಎತ್ತಿ ನೋಡಿದೆ. ಹಳದಿ ಟವೆಲ್ ಇತ್ತು. ಅದರ ಪಕ್ಕದಲ್ಲಿ ದುರ್ಬೀನಿನ ಎರಡು ಗಾಜು ಬಿಸಿಲಿಗೆ ಹೊಳೆಯುತ್ತಿದ್ದವು. ಆಗ ಗಮನಿಸಿದೆ, ಫಲಕದ ಮುಂದಿನ ಕ್ರೇಟುಗಳು ಇರಲಿಲ್ಲ. ಯಾವಾಗ ತೆಗೆದರೋ. ದಿನಾ ಅದರ ಪಕ್ಕದಲ್ಲೇ ಓಡಾಡಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೂರನೆಯ ಸಾಲು ಮೂರನೆಯ ಮಹಡಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿತ್ತು.

ಮನೆಗೆ ಬಂದು ಬಟ್ಟೆ ಬದಲಿಸಿ ಕೈ ತೊಳೆಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತಳು.

"ಆ ನರ್ಸಮ್ಮನ್ನ ಯಾರೂ ಎಬ್ಬಿಸ್ಲೇ ಇಲ್ಲ."

"ಹೂಂ."

"ಅವರು ನಿದ್ದೆ ಮಾಡ್ತಿದಾರೆ ಅಂತ ಎಲ್ಲಾರ್ಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರು," ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಹಲ್ಲುಜ್ಜಲು ಹೋದಳು.

ಕಿಟಕಿಯ ಕಟ್ಟೆಯ ಮೇಲೆ ಅವಳ ಚಿತ್ರದ ಪುಸ್ತಕ ತೆರೆದುಕೊಂಡಿತ್ತು. ದಿನಕ್ಕೊಂದು ಹಾಳೆ. ಪ್ರತಿ ಹಾಳೆಯಲ್ಲೂ ವೃತ್ತಗಳ ಸಾಲು; ಹಸಿರು, ಹಸಿರು, ಹಸಿರು, ನಡುವೆ ಒಂದು ಕಿತ್ತಳೆ. ಆ ಕಿತ್ತಳೆಗೆ ಮಾತ್ರ ಕೈಕಾಲು, ಚೀಲ, ಎರಡು ಕಣ್ಣು. ಹಾಳೆಗಳ ಅಂಚಿನಲ್ಲಿ ಫಲಕದ ಅಕ್ಷರಗಳನ್ನು ನಕಲು ಮಾಡಿದ್ದಳು, ಒತ್ತಕ್ಷರ ತಪ್ಪಿದಲ್ಲಿ ಹೊಡೆದುಹಾಕಿ ಮತ್ತೆ ಬರೆದು. ಒಂದು ಹಾಳೆಯಲ್ಲಿ ಮೂರನೆಯ ಸಾಲು ಪೂರ್ತಿಯಾಗಿತ್ತು: ಕಿತ್ತಳೆ: ಮನೆಯಲ್ಲಿ ಕಾಯಿಲೆಯವರು ಇರುವವರು.

ಅದರ ಕೆಳಗೆ ಮೂರು ಗೊಂಬೆ ಬಿಡಿಸಿದ್ದಳು. ಮೀಸೆಯ ಗೊಂಬೆ ಪಂಪ್‌ಹೌಸಿನ ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು, ಅದರ ಮೇಲೆ ಅಡ್ಡಗೆರೆ. ಅಪ್ಪ ಗಟ್ಟಿ, ಅಪ್ಪ ಅಲ್ಲ. ಉಳಿದದ್ದು ಎರಡು, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ಮೇಲೆ ಗೆರೆ ಎಳೆದು, ರಬ್ಬರಿನಿಂದ ಅಳಿಸಿ, ಚಿಕ್ಕದರ ಮೇಲೆ ಎಳೆದು, ಅದನ್ನೂ ಅಳಿಸಿ, ಕಾಗದವೇ ಸವೆದು ಬೆಳಕು ಬರುವಂತಾಗಿತ್ತು.

ಆ ಹಾಳೆಯಿಂದೀಚೆಗೆ ಎಷ್ಟು ಹಾಳೆಗಳೆಂದು ಎಣಿಸಿದೆ. ಏಳು.

ಏಳು ದಿನ. ಬಕೆಟ್ಟು, ಅರ್ಧ ಮೊಟ್ಟೆ, ತುಳುಕದ ಆ ಚಮಚ. ಏಳು ದಿನ ಈ ಮಗು ನನ್ನನ್ನು ಬಳಸಿ, ಸದ್ದಾಗದಂತೆ, ಆ ಅಜ್ಜಿಯ ಹಾಗೆ ಕೋಲು ಎತ್ತಿಕೊಂಡು ನಡೆದಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇಷ್ಟು ದೊಡ್ಡದೇ? ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ.

ಅವಳು ಬಾಯಿ ಮುಕ್ಕಳಿಸಿ ಬಂದಳು. ಗಲ್ಲದ ಮೇಲೆ ಪೇಸ್ಟು ಅಂಟಿತ್ತು. ಪುಸ್ತಕ ನನ್ನ ತೊಡೆಯ ಮೇಲಿರುವುದನ್ನು ಕಂಡಳು. ಕಸಿದುಕೊಳ್ಳಲಿಲ್ಲ. ನಾನು ಔಷಧಿಯ ಬಾಟಲಿ ತೆಗೆದು ಚಮಚಕ್ಕೆ ಬಗ್ಗಿಸಿದೆ. ಎಂದಿನ ಹಾಗೆ ಮುಂದೆ ಚಾಚಿದೆ. ಎಂದಿನ ಹಾಗೆ ಅವಳು ಬಾಯಿ ತೆರೆಯಲಿಲ್ಲ. ಔಷಧಿ ತುಳುಕದಂತೆ, ತನ್ನ ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಮೆಟ್ಟಿಲಿನ ಮೇಲೆ ನಾನು ಬಿಟ್ಟ ಕೈ.

"ಹೇಳು," ಎಂದೆ. "ನೀನು ಏನೇ ಕೇಳಿದ್ರೂ ಇವತ್ತು ಸುಳ್ಳು ಹೇಳಲ್ಲ."

ಅವಳು ನನ್ನ ಮುಖವನ್ನು ದುರ್ಬೀನಿಲ್ಲದೆ ನೋಡಿದಳು. ಆಮೇಲೆ ಚಮಚದ ಆಚೆಯಿಂದ ಮೆಲ್ಲಗೆ ಕೇಳಿದಳು:

"ಕಾಯಿಲೆ ನಿಂಗಾ ಅಮ್ಮ, ನಂಗಾ?"